ಬೂಟು ಬಿಚ್ಚದ ಹುಡುಗಿ

ಕೂತ್ಕೊಳ್ಳಲ್ಲ ಮೇಡಂ. ಕೂತ್ಕೊಂಡು ಆಡೋ ಮಾತಲ್ಲ ಇದು. ನೀರೂ ಬೇಡ... ಇಡಿ, ಅಲ್ಲೇ ಇಡಿ. ಮೊದಲು ಈ ಡಾಕ್ಟರ್ ಕಾಗದ ಓದಿ. ಓದಿ ಆಯ್ತಾ? ಇನ್ನೊಂದ್ಸಲ ಓದಿ, ನನ್ನ ಮುಂದೆ ಗಟ್ಟಿಯಾಗಿ ಓದಿ! ಓದಲ್ವಾ? ನನಗೇ ಬಾಯಿಪಾಠ ಆಗಿದೆ, ನಾನೇ ಹೇಳ್ತೀನಿ. "ಇಕ್ಕಟ್ಟಾದ ಬೂಟು ಹಗಲೂ ರಾತ್ರಿ ತೊಟ್ಟಿದ್ದರಿಂದ ಎರಡೂ ಪಾದಗಳ ಬೆರಳುಗಳಲ್ಲಿ ಹುಣ್ಣು. ಸಾಕುತಾಯಿಯ ನಿರ್ಲಕ್ಷ್ಯ." ನಿರ್ಲಕ್ಷ್ಯ! ಯಾರದು? ನಂದು! ಮೂವತ್ತೊಂದು ವರ್ಷದಿಂದ ಊರವರ ಕಾಲಿಗೆ ಬೂಟು ಹೊಲೀತಿರೋಳು ನಾನು. ಯಾರದ್ದಾದ್ರೂ ಒಂದು ಕಾಲು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಉದ್ದ ಇದ್ರೆ, ರಸ್ತೆ ದಾಟೋದು ನೋಡೇ ಹೇಳ್ತೀನಿ. ಅಂಥವಳ ಮನೆ ಮಗುವಿನ ಕಾಲಲ್ಲಿ ಹುಣ್ಣು! ದೀಪದ ಬುಡದಲ್ಲೇ ಕತ್ತಲೆ ಅಂತ ಬೀದಿಯವರೆಲ್ಲ ಆಡ್ಕೊಂಡು ನಗ್ತಿದಾರೆ.

ಏನು? ಮೆತ್ತಗೆ ಮಾತಾಡ್ಬೇಕಾ? ಅವಳು ಹೊರಗೆ ಕೂತಿದಾಳೆ ಅಂತಲಾ? ಕೇಳಿಸ್ಲಿ ಬಿಡಿ! ಅವಳಿಗೂ ಗೊತ್ತಾಗ್ಲಿ, ಅವಳಿಗೋಸ್ಕರ ಈ ವಯಸ್ಸಿನಲ್ಲಿ ನಾನು ಯಾರ್ಯಾರ ಹತ್ರ ಏನೇನು ಅನ್ನಿಸ್ಕೋತಿದೀನಿ ಅಂತ... ನೋಡಿ ಅಲ್ಲಿ, ಕಿಟಕಿಯಿಂದ ಕಾಣುತ್ತೆ. ಬ್ಯಾಂಡೇಜಿನ ಮೇಲೇ ಹೊಸ ಜೋಡಿ ಏರಿಸ್ಕೊಂಡಿದಾಳೆ. ಲೇಸಿಗೆ ಎರಡೆರಡು ಗಂಟು. ನೋವಾಗಲ್ವೇನೇ ಅಂದ್ರೆ ಇಲ್ಲ ಅಂತಾಳೆ. ಎಂಟು ವರ್ಷದ ಮಗು ಮೇಡಂ, ಹಲ್ಲು ಕಚ್ಕೊಂಡು ಇಲ್ಲ ಅಂತಾಳೆ.

ಸರಿ. ಸರಿ, ಮೆತ್ತಗೇ ಹೇಳ್ತೀನಿ.

ನಾನು ಬಂದಿದ್ದು ಒಂದೇ ಮಾತಿಗೆ. ಶುಕ್ರವಾರ ನಿಮ್ಮ ಮಕ್ಕಳ ಕಲ್ಯಾಣ ಸಮಿತಿ ಕೂರುತ್ತಂತೆ. ಈ ಕಾಗದ ನೋಡಿದ್ಮೇಲೆ ಅವರು ಮಗೂನ ನನ್ನ ಹತ್ರ ಬಿಡ್ತಾರಾ? ಎತ್ಕೊಂಡು ಇನ್ಯಾರದೋ ಮನೆಗೆ ಹಾಕ್ತಾರೆ. ಮೊದಲೇ ಎರಡು ಮನೆಯವರು ವಾಪಸ್ ಕಳಿಸಿದ ಮಗು ಅದು. ಅಳತೆ ಸರಿ ಹೋಗ್ಲಿಲ್ಲ ಅಂತ ಅಂಗಡಿಗೆ ವಾಪಸ್ ಕೊಡೋ ಚಪ್ಪಲೀನಾ? ಅದಕ್ಕೇ ಹೇಳ್ತಿದೀನಿ, ನಿಮ್ಮ ಫೈಲಲ್ಲಿ ಬರೀರಿ. ಬೂಟು ಹಾಕ್ಕೊಂಡೇ ಮಲಗೋ ಚಾಳಿ ನಿಮ್ಮ ಆ ಮಕ್ಕಳ ಮನೆಯಿಂದಲೇ ಬಂದಿದ್ದು ಅಂತ ಬರೀರಿ. ಅಲ್ಲಿ ವಾರ್ಡನ್ ಇದಾರಲ್ಲ, ಕೀಗೊಂಚಲು ಸೊಂಟಕ್ಕೆ ಸಿಗಿಸ್ಕೊಂಡು ಓಡಾಡೋರು, ಅವರೇ ಕಲಿಸಿರ್ತಾರೆ. ಬೆಳಿಗ್ಗೆ ಬೇಗ ಎಬ್ಬಿಸಿ ಸಾಲಾಗಿ ನಿಲ್ಲಿಸೋಕೆ ಸುಲಭ ಆಗ್ಲಿ ಅಂತ. ಬಂದ ದಿನದಿಂದ ಹೀಗೇ ಅಂತ ಬರೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ ಹಾಕ್ತೀರಿ?

ಬರೀತಿಲ್ವಲ್ಲ ನೀವು? ಪೆನ್ನಿನ ಮುಚ್ಚಳ ತೆಗೆದು ಸುಮ್ಮನೆ ಹಿಡ್ಕೊಂಡಿದೀರಿ. ಇಂಕು ಒಣಗುತ್ತೆ.

ಮಗು ಸಾಕೋರಿಗೆ ಅಂತ ನೀವು ಕೊಟ್ಟ ಟ್ರೈನಿಂಗಿನಲ್ಲಿ ಏನು ಕಡಿಮೆ ಕಲಿತೆ ಹೇಳಿ? ಮೂರು ದಿನ! ಅಂಗಡಿ ಬಾಗಿಲು ಹಾಕ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತಿದ್ದೆ. ನೀವು ಒಂದು ಬಟ್ಟೆ ಗೊಂಬೆ ಹಿಡ್ಕೊಂಡು ತೋರಿಸಿದ್ರಿ, ಪೆಟ್ಟು ತಿಂದ ಮಗು ಹೀಗೆ ಮುದುರ್ಕೊಳ್ಳುತ್ತೆ, ಹಾಗೆ ಕಚ್ಚುತ್ತೆ ಅಂತ. ನನ್ನ ಮಗಳ ವಯಸ್ಸು ನಿಮಗೆ, ಆದ್ರೂ ಮೇಷ್ಟ್ರ ಮುಂದೆ ಕೂತ ಹಾಗೆ ಕೈ ಕಟ್ಕೊಂಡು ಕೂತಿದ್ದೆ. ಬೋರ್ಡ್ ಮೇಲೆ ಹತ್ತು ಮಾತು ಬರೆದ್ರಿ. ಕೇಳದೆ ಮುಟ್ಬೇಡಿ. ಹಿಂದಿನಿಂದ ಹೋಗ್ಬೇಡಿ. ತಟ್ಟೆ ಕಿತ್ಕೋಬೇಡಿ. ಹೇಳಿದ ಹೊತ್ತಿಗೆ ಮನೇಲಿರಿ. ಅವರಮ್ಮನ ಬಗ್ಗೆ ಕೆಟ್ಟದು ಆಡ್ಬೇಡಿ... ಎಲ್ಲಾ ನೆನಪಿದೆ ನನಗೆ. ಹತ್ತರಲ್ಲಿ ಒಂಬತ್ತು, ಒಂದು ದಿನ ತಪ್ಪಿಲ್ಲ!

ಹತ್ತನೇದಾ? ಹತ್ತನೇದು... ಏನಿತ್ತೋ. ವಯಸ್ಸಾಯ್ತಲ್ಲ, ಮರೆತಿರ್ತೀನಿ.

ಬಂದ ದಿನ ಹೇಗಿದ್ಳು ಅಂತ ನಿಮಗೇ ಗೊತ್ತಲ್ಲ, ನೀವೇ ತಂದು ಬಿಟ್ಟಿದ್ದು. ಕಾಲಲ್ಲಿ ಯಾರದೋ ದೊಡ್ಡವರ ಪ್ಲಾಸ್ಟಿಕ್ ಚಪ್ಪಲಿ, ಎಳ್ಕೊಂಡು ಎಳ್ಕೊಂಡು ನಡೀತಿದ್ಳು. ಒಂದು ಸರಿಯಾದ ಜೋಡಿ ಕೊಡೋ ಯೋಗ್ಯತೆ ಇರಲಿಲ್ಲ ನಿಮ್ಮ ಮಕ್ಕಳ ಮನೆಗೆ! ಹನ್ನೊಂದು ದಿನ ಬಾಯಿ ಬಿಡ್ಲಿಲ್ಲ. ಅಂಗಡಿಯಲ್ಲಿ ನನ್ನ ಮೇಜಿನ ಕೆಳಗೆ ಹೋಗಿ ಕೂರೋಳು. ಎಳೀಲಿಲ್ಲ ನಾನು. ಮೊಳೆಗಳ ಡಬ್ಬಿ ಸುಮ್ಮನೆ ಕೆಳಗಿಟ್ಟೆ. ಸಂಜೆ ನೋಡ್ತೀನಿ, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಜೋಡಿಸಿ ಇಟ್ಟಿದಾಳೆ! ಹನ್ನೆರಡನೇ ದಿನ ಮೇಜಿನ ಕೆಳಗಿಂದ ಒಂದು ಕೈ ಬಂತು. ಕೈಯಲ್ಲಿ ಒಂದು ಮೊಳೆ. "ಇದು ಸೊಟ್ಟ" ಅಂದ್ಳು. ಅಷ್ಟೇ. ನಾನು ಅದನ್ನ ಸುತ್ತಿಗೇಲಿ ತಟ್ಟಿ ನೆಟ್ಟಗೆ ಮಾಡಿ ವಾಪಸ್ ಕೊಟ್ಟೆ. ಅವತ್ತಿಂದ ಅವಳ ಹೆಸರೇ ಮೊಳೆ. ನನ್ನನ್ನ ಅಂಗಡಿಯಮ್ಮ ಅಂತಾಳೆ. ಅಮ್ಮ ಅನ್ನು ಅಂತ ನಾನೂ ಹೇಳ್ಲಿಲ್ಲ.

ಕಾಲಿನ ಅಳತೆ ತಗೋಬೇಕು, ಮುಟ್ಟೋಕೆ ಬಿಡಲ್ಲ. ಏನು ಮಾಡ್ದೆ ಗೊತ್ತಾ? ನೆಲದ ಮೇಲೆ ಒಂದು ಹಾಳೆ ಹಾಕ್ದೆ, ಪೆನ್ಸಿಲ್ ಕೊಟ್ಟೆ, ನಾನು ಆ ಕಡೆ ತಿರುಗಿ ಕೂತೆ. ಅವಳೇ ಹಾಳೆ ಮೇಲೆ ನಿಂತು ಬಗ್ಗಿ ತನ್ನ ಪಾದದ ಸುತ್ತ ಗೆರೆ ಎಳೆದ್ಳು. ಕಿರುಬೆರಳ ಹತ್ರ ಗೆರೆ ಸೊಟ್ಟ ಹೋಗಿತ್ತು, ಅದನ್ನೂ ಬಿಡದೆ ಅದೇ ಅಳತೆಗೆ ಹೊಲಿದೆ. ಕಂದು ಬಣ್ಣದ ಮೆತ್ತನೆ ಚರ್ಮ, ಮೇಣದ ದಾರದಲ್ಲಿ ಕೈಹೊಲಿಗೆ. ಇದನ್ನೆಲ್ಲ ಯಾವ ಟ್ರೈನಿಂಗಲ್ಲಿ ಹೇಳ್ಕೊಟ್ರಿ ನೀವು? ನಿರ್ಲಕ್ಷ್ಯ ಅಂತೆ!

ಮೂರನೇ ತಿಂಗಳು ನೀವೇ ಬಂದಿದ್ರಲ್ಲ, ವಿಚಾರಿಸೋಕೆ. ನೆನಪಿದೆಯಾ? ಬೆಲ್ ಹೊಡೆದಾಗ ಯಾರು ಓಡಿ ಬಂದು ಬಾಗಿಲು ತೆಗೆದಿದ್ದು? ಬರಿಗಾಲಲ್ಲಿ ತಪತಪ ಅಂತ ಓಡಿ ಬಂದ್ಳು! ನಿಮ್ಮ ಕೈ ಹಿಡಿದು ಒಳಗೆ ಕರ್ಕೊಂಡು ಬಂದು, "ನಿಮ್ಮ ಚಪ್ಪಲಿ ಹಿಮ್ಮಡಿ ಸವೆದಿದೆ, ಅಂಗಡಿಯಮ್ಮನ ಹತ್ರ ಹಾಕಿಸ್ಕೊಳ್ಳಿ" ಅಂದ್ಳು. ನೀವೇ ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರಿ. ಹಾಗಿದ್ದ ಮಗು!

...ಏನು ನೋಡ್ತಿದೀರಿ? ನಾನೇನು ತಪ್ಪು ಹೇಳ್ದೆ?

ಬಿಡಿ. ಮಗು ಏನೂ ತಂಟೆ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಮಾಡುತ್ತೆ. ಸ್ಕೂಲು ಶುರುವಾಗೋ ಹಿಂದಿನ ದಿನ ಭಾನುವಾರ, ವರ್ಷದಲ್ಲಿ ನನಗೆ ಉಸಿರಾಡೋಕೂ ಪುರುಸೊತ್ತಿಲ್ಲದ ದಿನ. ನಲವತ್ತಮೂರು ಜೋಡಿ ರಿಪೇರಿ ಮುಗಿಸಿ ಪಾಲಿಶ್ ಹೊಡೆದು ಕಪಾಟಿನಲ್ಲಿ ಇಟ್ಟಿದ್ದೆ. ಮೊದಲನೇ ಗಿರಾಕಿ ಬಂದ, ಚೀಟಿ ಕೊಟ್ಟ. ನೋಡ್ತೀನಿ, ಒಂದೇ ಬೂಟು! ಎರಡನೇದು, ಅದೂ ಒಂದೇ! ಮೂರನೇದು, ನಾಲ್ಕನೇದು... ನಲವತ್ತಮೂರು ಜೋಡಿಯಲ್ಲೂ ಎಡಗಾಲಿನದು ಮಾಯ! ಅಂಗಡಿ ಮುಂದೆ ಜಾತ್ರೆ ಸೇರಿದ ಹಾಗೆ ಜನ. ಒಬ್ಬ ಅಂತೂ, ಪಕ್ಕದ ಬೀದಿ ಕಂಪೌಂಡರ್, "ಎಲ್ಲಿಂದಲೋ ತಂದ ಹುಡುಗೀನ ಅಂಗಡಿಯಲ್ಲಿ ಬಿಟ್ರೆ ಇನ್ನೇನಾಗುತ್ತೆ" ಅಂದ. ಎಲ್ಲರೆದುರಿಗೆ ಅಂದ ಮೇಡಂ. ನನ್ನ ಕಿವಿ ಕಾದು ಹೋಯ್ತು. ಹುಡುಕಿದ್ರೆ ಮೆಟ್ಟಿಲ ಕೆಳಗೆ, ಗೋಣಿಚೀಲ ಹೊದಿಸಿ, ಎಲ್ಲಾ ಎಡಗಾಲುಗಳನ್ನೂ ಸಾಲಾಗಿ ಇಟ್ಟಿದಾಳೆ. ಯಾಕೇ ಹೀಗೆ ಮಾಡ್ದೆ ಅಂತ ಕೇಳಿದ್ರೆ ಏನಂದ್ಳು ಗೊತ್ತಾ? "ಒಂದು ಇಲ್ಲೇ ಇದ್ರೆ ಅವರು ವಾಪಸ್ ಬರ್ಲೇಬೇಕಲ್ಲ ಅಂಗಡಿಯಮ್ಮಾ" ಅಂದ್ಳು!

ಯಾಕೆ ನಗ್ತೀರಿ? ನಿಮಗೇನು, ನಗ್ತೀರಿ! ನಲವತ್ತಮೂರು ಜನಕ್ಕೆ ಉತ್ತರ ಕೊಡ್ಬೇಕಾಗಿದ್ದೋಳು ನಾನು!... ನಗ್ತಿಲ್ವಾ? ಮತ್ತೆ ಕರ್ಚೀಫ್ ಯಾಕೆ ತೆಗೆದ್ರಿ...

ಆಮೇಲೇನು ಮಾಡ್ದೆ ಅಂದ್ರೆ? ಏನು ಮಾಡ್ತಾರೆ? ಎರಡು ಮಾತು ಬೈದೆ. ಹೆತ್ತೋರು ಬೈಯಲ್ವಾ? ನೀವು ನಿಮ್ಮ ಮಕ್ಕಳಿಗೆ ಬೈಯಲ್ವಾ? ಕೈ ಎತ್ತಲಿಲ್ಲ, ಬೇಕಾದ್ರೆ ಅವಳನ್ನೇ ಕೇಳಿ, ಒಂದೇ ಒಂದು ಏಟು ಹಾಕಿಲ್ಲ. ಎರಡು ಮಾತು. ಮುಗೀತು.

ಅಲ್ಲಾ, ನನ್ನನ್ನ ಕೇಳ್ತೀರಲ್ಲ, ನಾನು ನಿಮ್ಮನ್ನ ಕೇಳ್ತೀನಿ! ಮಗುವಿಗೆ ಸಿಟ್ಟು ಬಂದ್ರೆ ಏನು ಮಾಡ್ಬೇಕು ಅಂತ ಮೂರು ದಿನ ಹೇಳಿದ್ರಿ. ನನಗೆ ಸಿಟ್ಟು ಬಂದ್ರೆ? ಅದಕ್ಕೆ ಎಷ್ಟು ಹೊತ್ತು ಇಟ್ಟಿದ್ರಿ? ಕೊನೇ ದಿನ ಬಸ್ಸಿಗೆ ಹೊತ್ತಾಯ್ತು ಅಂತ ಒಂದು ಚೀಟಿ ಕೈಗಿಟ್ರಿ. "ತಾಳ್ಮೆ ತಪ್ಪುವಾಗ ಈ ನಂಬರಿಗೆ ಫೋನ್ ಮಾಡಿ." ಮಾಡಿದೆನಲ್ಲ! ಯಾರು ಎತ್ತಿದ್ರು? ಹೊಡ್ಕೊಂಡಿದ್ದೇ ಹೊಡ್ಕೊಂಡಿದ್ದು, ಟ್ರಿಣ್ ಟ್ರಿಣ್ ಅಂತ, ಈ ಮೇಜಿನ ಮೇಲಿರೋ ಇದೇ ಫೋನು! ಮಗು ಏನು ರಜೆ ನೋಡ್ಕೊಂಡು ಹಠ ಮಾಡುತ್ತಾ? ನನ್ನ ಪಿತ್ತ ನೆತ್ತಿಗೇರೋದು ಆಫೀಸ್ ಟೈಮಲ್ಲೇನಾ?

ಯಾವತ್ತು ಮಾಡಿದ್ದು ಅಂದ್ರೆ... ಯಾವತ್ತೋ ಮಾಡಿದ್ದೆ. ಯಾವತ್ತಾದ್ರೇನು! ಫೋನು ಎತ್ತದೇ ಇರೋ ತಪ್ಪು ನಿಮ್ಮದು, ತಾರೀಖು ನಾನು ಹೇಳ್ಬೇಕಾ?

ಈ ಬೂಟಿನ ವಿಷಯಕ್ಕೆ ಬನ್ನಿ. ರಾತ್ರಿ ಮಲಗೋಕೆ ಬೂಟು. ಸ್ನಾನಕ್ಕೆ ಹೋಗುವಾಗ ಬಚ್ಚಲ ಬಾಗಿಲ ತನಕ ಬೂಟು, ಹೊರಗೆ ಬಂದ ಒದ್ದೆ ಕಾಲಿಗೆ ಮತ್ತೆ ಬೂಟು. ಕಾಲು ಬೆಳೀತಲ್ಲ, ಎಂಟು ವರ್ಷಕ್ಕೆ ಬಾಳೆಸುಳಿ ಬೆಳೆದ ಹಾಗೆ ಬೆಳೆಯುತ್ತೆ. ನನಗೆ ಕಾಣ್ಲಿಲ್ವಾ? ಕಾಣ್ತು! ದೊಡ್ಡ ಅಳತೆಗೆ ಹೊಸ ಜೋಡಿ ಹೊಲಿದೆ. ಹಳೇದು ಬಿಚ್ಚೋಕೇ ತಯಾರಿಲ್ಲ. ಹಳೇದು ಬಿಚ್ಚಿ ಹೊಸದು ಹಾಕೋ ಮಧ್ಯೆ ಒಂದು ಗಳಿಗೆ ಬರಿಗಾಲಲ್ಲಿ ಇರ್ಬೇಕಲ್ಲ, ಅಷ್ಟಕ್ಕೂ ಆಗಲ್ಲ ಅವಳ ಕೈಲಿ. ಬೇಡಿಕೊಂಡೆ. ಕಥೆ ಹೇಳ್ದೆ. ಕೇಳದೆ ಮುಟ್ಬಾರ್ದು ಅಂತ ನೀವೇ ಹೇಳಿದೀರಿ, ನಿದ್ದೆಯಲ್ಲಿ ಬಿಚ್ಚಲೂ ಇಲ್ಲ. ಕೊನೆಗೆ ಕುಂಟೋಕೆ ಶುರು ಮಾಡಿದ್ಳು, ಜ್ವರ ಬಂತು. ಎತ್ಕೊಂಡು ಓಡ್ದೆ. ಆಸ್ಪತ್ರೇಲಿ ನರ್ಸು ಕತ್ತರಿ ತಗೊಂಡು ಬೂಟು ಕತ್ತರಿಸಿದ್ಳು. ಮಗು ಚೀರಿದ್ದು ಹುಣ್ಣಿಗಲ್ಲ ಮೇಡಂ, ಬೂಟಿಗೆ. "ಅದು ಬೇಕು, ಅದಿಲ್ದೆ ನಾನು ಹೇಗೆ ಹೋಗ್ಲಿ" ಅಂತ.

ಎಲ್ಲಿಗೆ ಅಂತ ನನ್ನನ್ನ ಕೇಳಿದ್ರೆ? ಮಕ್ಕಳ ಮಾತು! ಎಲ್ಲಿಗೋ!

ಇಗೋ, ತಂದಿದೀನಿ. ಸಾಕ್ಷಿ ಇಲ್ಲದೆ ಮಾತಾಡೋಳಲ್ಲ ನಾನು. ನೋಡಿ ಬೂಟು. ಕೈಯಲ್ಲಿ ಹಿಡ್ಕೊಂಡು ನೋಡಿ, ತೊಳೆದೇ ತಂದಿದೀನಿ. ಕತ್ತರಿಸಿದ್ದು ಚರ್ಮ, ನನ್ನ ಹೊಲಿಗೆ ಒಂದೂ ಬಿಟ್ಟಿಲ್ಲ. ಅಡಿಯ ಅಟ್ಟೆ ನೋಡಿ, ನಡೆದು ಸವೆದಿದ್ದು ಕಡಿಮೆ. ಒಳಗೆ ನೋಡಿ, ಹಿಮ್ಮಡಿ ಹತ್ರ ಹೇಗೆ ಸವೆದಿದೆ. ಮಲಗಿ ಹೊರಳಾಡಿ ಹೊರಳಾಡಿ ಸವೆದಿದ್ದು. ಎಷ್ಟು ಹಳೇ ಚಾಳಿ ಅಂತ ಇದರಲ್ಲೇ ಗೊತ್ತಾಗುತ್ತೆ. ನಿಮ್ಮ ಮಕ್ಕಳ ಮನೆಯದ್ದೇ...

ಏನದು? ಒಳಗಡೆ ಬೆರಳಿಟ್ಟು ಏನು ಓದ್ತಿದೀರಿ?

ಹೌದು, ತಾರೀಖು. ನನ್ನ ಕೈಬರಹವೇ. ನಾನು ಹೊಲಿದ ಪ್ರತಿ ಜೋಡಿಗೂ ಒಳಗೆ ತಾರೀಖು ಬರೀತೀನಿ, ನಮ್ಮ ಯಜಮಾನರು ಕಲಿಸಿದ್ದು. ಅವರು ಹೋದ್ಮೇಲೂ ಬಿಟ್ಟಿಲ್ಲ. ಯಾರಾದ್ರೂ ನಾಳೆ ಬಂದು ಆರೇ ತಿಂಗಳಿಗೆ ಕಿತ್ತೋಯ್ತು ಅಂದ್ರೆ, ಇಲ್ಲಪ್ಪಾ, ಎರಡು ವರ್ಷ ಆಯ್ತು ನೋಡು ಅಂತ ತೋರಿಸೋಕೆ...

ಫೈಲು ಯಾಕೆ ತಿರುಗಿಸ್ತೀರಿ?

ಎರಡನೇ ತಿಂಗಳು ಹೊಲಿದಿದ್ದು. ಅದಕ್ಕೇನೀಗ? ಅದಕ್ಕೂ ಮೊದಲು ಅವಳ ಕಾಲಲ್ಲಿ ಇದ್ದಿದ್ದು... ಹೌದು, ಪ್ಲಾಸ್ಟಿಕ್ ಚಪ್ಪಲಿ. ನಾನೇ ಹೇಳ್ದೆ. ಚಪ್ಪಲಿ ಹಾಕ್ಕೊಂಡು ಯಾರೂ ಮಲಗಲ್ಲ. ಸರಿ, ಬಂದ ದಿನದಿಂದ ಅಲ್ಲ. ಆಮೇಲೆ. ಮೂರನೇ ತಿಂಗಳು ನೀವು ಬಂದಾಗ ಬರಿಗಾಲಲ್ಲಿ... ಹೌದು! ಅದಕ್ಕೂ ಆಮೇಲೆ! ಹಳೇ ನೋವು ತಡವಾಗಿ ಮೇಲೆ ಬರುತ್ತೆ ಅಂತ ನೀವೇ ಬೋರ್ಡಿನ ಮೇಲೆ ಬರೆದಿರಲಿಲ್ವಾ? ಹಾಗೇ ಬಂದಿರ್ಬೇಕು. ಅದನ್ನೇ ಬರೀರಿ!

ಹೀಗೆ ನೋಡ್ಬೇಡಿ ಮೇಡಂ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು...

ಇದೇನು, ಇನ್ನೊಂದು ಕಾಗದ? ಕನ್ನಡಕ ಹಾಕ್ಕೋತೀನಿ ಇರಿ. ಯಾರ ಹೇಳಿಕೆ? ಮೊಳೆಯದಾ? ಯಾವಾಗ ಕೇಳಿದ್ರಿ? ನಿನ್ನೆ ಆಸ್ಪತ್ರೇಲಾ? ನಾನು ಔಷಧಿ ತರೋಕೆ ಹೋಗಿದ್ದಾಗ... "ಬೂಟು ಯಾಕೆ ಬಿಚ್ಚಲ್ಲ ಅಂತ ಕೇಳಿದ್ದಕ್ಕೆ..." ಅಕ್ಷರ ಸಣ್ಣದು... "ಕೇಳಿದ್ದಕ್ಕೆ ಮಗು, ಕಾಲಿಗೆ ಚಳಿಯಾಗುತ್ತೆ ಅಂದಳು. ಅಂಗಡಿಯಮ್ಮ ಏನೂ ಅಂದಿಲ್ಲ ಅಂತ ಮೂರು ಸಲ ಹೇಳಿದಳು. ಆ ಪ್ರಶ್ನೆ ನಾನು ಕೇಳಿರಲಿಲ್ಲ."

ಚಳಿ.

ಚಳಿ ಅಂದ್ಳಾ? ಈ ಸೆಕೆಯಲ್ಲಿ? ಫ್ಯಾನಿಲ್ದೆ ಕೂರೋಕಾಗಲ್ಲ, ಚಳಿ ಅಂದ್ಳಾ? ಯಾರು ಹೇಳಿದ್ರು ಅವಳಿಗೆ ನನಗೋಸ್ಕರ ಸುಳ್ಳು ಹೇಳು ಅಂತ? ನಾನು ಹೇಳ್ಕೊಟ್ಟಿಲ್ಲ! ನನ್ನಾಣೆ ಮೇಡಂ, ಒಂದಕ್ಷರ ಹೇಳ್ಕೊಟ್ಟಿಲ್ಲ. ಅದೇ... ಅದೇ ತಾನಾಗಿ ನನ್ನನ್ನ... ಅಯ್ಯೋ, ನಾನು ಇಲ್ಲಿ ಬಂದು ಯಾರ್ಯಾರ ಮೇಲೋ ಹಾಕ್ತಿದೀನಿ, ಆ ಇಷ್ಟುದ್ದದ ಪ್ರಾಣಿ ನನ್ನ ಕಾಪಾಡ್ತಾ ಕೂತಿದೆ!

ಇಲ್ಲ. ಈಗ ಕೂತ್ಕೋತೀನಿ. ಆ ನೀರು ಕೊಡಿ.

ಎರಡು ಮಾತು ಬೈದೆ ಅಂದೆನಲ್ಲ, ಆ ಎರಡು ಮಾತು ಏನು ಅಂತ ನೀವು ಕೇಳ್ಲಿಲ್ಲ. ಗೊತ್ತಿದ್ದೂ ಕೇಳ್ಲಿಲ್ವಾ? "ಬೂಟು ಹಾಕ್ಕೋ. ನಡಿ." ಅಷ್ಟೇ ಅಂದಿದ್ದು. ಬೋರ್ಡ್ ಮೇಲೆ ಹತ್ತನೇದು ಇತ್ತಲ್ಲ, "ಕಳಿಸಿಬಿಡ್ತೀನಿ ಅನ್ನೋ ಮಾತು ಬಾಯಲ್ಲಿ ಬರಕೂಡದು" ಅಂತ, ಅದರ ಕೆಳಗೆ ನೀವು ಎರಡು ಗೆರೆ ಎಳೆದಿದ್ರಿ. ನೆನಪಿತ್ತು. ನೆನಪಿದ್ದೇ ಅಂದೆ. ಆ ಕಂಪೌಂಡರ್ ಎದುರಿಗೇ, ನಲವತ್ತು ಜನರ ಎದುರಿಗೇ ಅಂದೆ. "ಬೂಟು ಹಾಕ್ಕೋ ನಡಿ, ಎಲ್ಲಿಂದ ಬಂದ್ಯೋ ಅಲ್ಲಿಗೇ ಬಿಟ್ಟು ಬರ್ತೀನಿ." ಅವಳು ಅಳ್ಲಿಲ್ಲ. ಹೋಗಿ ಬಾಗಿಲ ಪಕ್ಕ ಇಟ್ಟಿದ್ದ ಬೂಟು ಹಾಕ್ಕೊಂಡು, ಲೇಸು ಕಟ್ಟಿ, ಬಂದು ನಿಂತ್ಕೊಂಡ್ಳು. ಲೇಸು ಕಟ್ಟೋದು ನಾನೇ ಹಿಂದಿನ ವಾರ ಕಲಿಸಿದ್ದೆ.

ಬರೀ ಮಾತಲ್ಲಿ ಬಿಟ್ಟಿದ್ರೆ ಆಗಿತ್ತು. ಬಿಡ್ಲಿಲ್ಲ ನಾನು. ಸಿಟ್ಟು, ಹಾಳು ಸಿಟ್ಟು! ಮಾತು ಆಡಿದರೆ ಹೋಯ್ತು ಅಂತಾರೆ, ನಾನು ಆಡಿದ್ದಲ್ದೆ ನಡೆದೂ ತೋರಿಸ್ದೆ. ರಟ್ಟೆ ಹಿಡ್ಕೊಂಡು ಬಂದೆ, ಇಲ್ಲಿಗೇ. ನಿಮ್ಮ ಈ ಬಾಗಿಲಿಗೇ. ಭಾನುವಾರ. ಬೀಗ. ಆ ಚೀಟಿ ತೆಗೆದು ಮೆಟ್ಟಿಲ ಮೇಲೆ ನಿಂತು ಫೋನ್ ಮಾಡ್ದೆ. ಬೀಗ ಹಾಕಿದ ಬಾಗಿಲ ಒಳಗೆ ನಿಮ್ಮ ಫೋನು ಹೊಡ್ಕೋತಿರೋದು ಹೊರಗೆ ನಿಂತ ನಮ್ಮಿಬ್ಬರಿಗೂ ಕೇಳಿಸ್ತಿತ್ತು. ಸಹಾಯ ಕೇಳೋಕೆ ಮಾಡಿದ್ನಾ, ಬಂದು ಕರ್ಕೊಂಡು ಹೋಗಿ ಅನ್ನೋಕೆ ಮಾಡಿದ್ನಾ, ನನಗೂ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ. ಯಾರಾದ್ರೂ ಎತ್ತಿದ್ರೆ ಏನಂತಿದ್ದೆನೋ.

ಅವಳು ಆ ಬೀಗ ನೋಡಿದ್ಳು. ನನ್ನ ಮುಖ ನೋಡಿದ್ಳು. ಆಮೇಲೆ ನನಗೇ ಸಮಾಧಾನ ಹೇಳೋ ಹಾಗೆ ಅಂದ್ಳು, "ಇವತ್ತು ರಜೆ ಅಂಗಡಿಯಮ್ಮಾ. ನಾಳೆ ತೆಗೀತಾರೆ. ನಾಳೆ ಬರೋಣ" ಅಂತ.

ವಾಪಸ್ ಕರ್ಕೊಂಡು ಹೋದೆ. ಮನೆಗೆ ಹೋಗಿ ಊಟಕ್ಕೆ ಹಾಕ್ದೆ, ಮರೆತಿರ್ತಾಳೆ ಅಂದ್ಕೊಂಡೆ. ಮಕ್ಕಳಿಗೆ ಏನು ನೆನಪಿರುತ್ತೆ ಅಂದ್ಕೊಂಡೆ. ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿಲ್ಲ ಮೇಡಂ, ಐವತ್ತಾರು ವರ್ಷದ ಬಾಯಿಗೆ ಅದೊಂದು ಬರ್ಲಿಲ್ಲ. ಅವತ್ತು ಹಾಕಿದ ಬೂಟು. "ನಾಳೆ" ಅಂದಿದ್ಳಲ್ಲ, ಆ ನಾಳೆಗೆ ಅಂತ ಕಾಯ್ಕೊಂಡು ಕೂತಿದಾಳೆ. ಮೂರು ತಿಂಗಳಿಂದ ಪ್ರತಿ ದಿನ ಆ ನಾಳೆಗೆ ತಯಾರಾಗಿ ಮಲಗಿದಾಳೆ. ಇವತ್ತೂ... ಅಯ್ಯೋ! ಇವತ್ತು ನಾನು ಅವಳನ್ನ ಇಲ್ಲಿಗೇ ಕರ್ಕೊಂಡು ಬಂದೆನಲ್ಲ! ಎಲ್ಲಿಗೆ ಅಂತ ಕೂಡ ಹೇಳದೆ! ಈಗ ಆ ಬೆಂಚಿನ ಮೇಲೆ ಕೂತು ಏನು ಅಂದ್ಕೊಂಡಿರ್ಬೇಕು ಆ ಮಗು?

ಬರೀರಿ. ಪೆನ್ನು ತಗೊಂಡು ಎಲ್ಲಾ ಬರೀರಿ, ವಾರ್ಡನ್ನಿಂದಲ್ಲ, ನನ್ನಿಂದ ಅಂತ. ಸಮಿತಿಯವರು ನನಗೆ ಏನು ಬೇಕಾದ್ರೂ ಮಾಡ್ಲಿ, ಇನ್ನೊಂದ್ಸಲ ಮೂರು ದಿನ ಮುಂದಿನ ಸಾಲಲ್ಲಿ ಕೂರಿಸ್ಲಿ, ಮೂವತ್ತು ದಿನ ಕೂರಿಸ್ಲಿ. ಅವಳನ್ನ ಮಾತ್ರ ಈ ಮನೆಯಿಂದ ಮತ್ತೆ ಎಬ್ಬಿಸ್ಬೇಡಿ.

ಇಲ್ಲ, ನೀವು ಏಳ್ಬೇಡಿ. ನೀವು ಹೋಗಿ ಹೇಳಿದ್ರೆ ಅವಳು ನಂಬಲ್ಲ. ನೀವು ಎದ್ದು ಬಂದ್ರಿ ಅಂದ್ರೆ ಕರ್ಕೊಂಡು ಹೋಗೋಕೇ ಬಂದ್ರಿ ಅಂತ ಅವಳ ಲೆಕ್ಕ. ನಾನೇ ಹೋಗ್ತೀನಿ. ತಪ್ಪಾಯ್ತು ಕಣೇ ಅಂತೀನಿ. ಅದಕ್ಕೂ ಸಾಕಾಗ್ದೆ ಇದ್ರೆ... ಒಂದು ನಿಮಿಷ, ಬಗ್ಗೋಕೆ ಸೊಂಟ ಕೇಳಲ್ಲ... ಇಗೋ, ನನ್ನ ಎಡಗಾಲಿನ ಚಪ್ಪಲಿ. ಇದನ್ನ ಅವಳ ಕೈಗೆ ಕೊಟ್ಟುಬಿಡ್ತೀನಿ. ಮೆಟ್ಟಿಲ ಕೆಳಗಾದ್ರೂ ಇಡ್ಲಿ, ದಿಂಬಿನ ಅಡಿಗಾದ್ರೂ ಇಡ್ಲಿ, ಕೇಳಲ್ಲ ನಾನು. ಒಂದು ಅವಳ ಹತ್ರ ಇದ್ರೆ ನಾನೆಲ್ಲಿಗೆ ಹೋಗ್ತೀನಿ? ವಾಪಸ್ ಬರ್ಲೇಬೇಕಲ್ಲ.

ಆ ಬಾಗಿಲು ಸ್ವಲ್ಪ ತೆಗೀರಿ ಮೇಡಂ. ಪೂರ್ತಿ ತೆಗೀರಿ. ನಾನು ಕುಂಟ್ಕೊಂಡು ಬರೋದು ಅವಳಿಗೆ ಕಾಣ್ಲಿ.